ಬ್ಯಾಟರಿ ಲೈಟ್ ಹತ್ತಿದ್ರ ಡೈನಮೋನೇ ಹೋಗ್ಯದಂತ ತಿಳೀಬ್ಯಾಡ್ರಿ

ಈ ಸದ್ದು ಕೇಳ್ರಿ. ಮುಂಜಾನಿ ಮೊದಲ್ನೇ ಸೆಲ್ಫ್ ಸ್ಟಾರ್ಟಿಗೆ ಗಾಡಿ ಚಾಲೂ ಆತು, ಎರಡು-ಮೂರು ಸೆಕೆಂಡ್ ಕೀಂವ್ ಅಂತ ಚೀರಿ ಸುಮ್ಮನಾತು. ಡ್ಯಾಶ್‌ಬೋರ್ಡಿನಾಗ ಬ್ಯಾಟರಿ ಲೈಟ್ ಒಮ್ಮಿ ಮಿಣುಕಿ ಹೋತು. ಇಷ್ಟು ಹೇಳಿದ್ರ ಸಾಕು, "ಡೈನಮೋ ಹೋಗ್ಯದ್ರಿ, ಬದಲಿ ಮಾಡ್ರಿ" ಅನ್ನೋರು ಭಾಳ ಮಂದಿ. ಮಂದಿ ಡೈನಮೋ ಅನ್ನೋದು ಆಲ್ಟರ್ನೇಟರಿಗೆ, ಅಂದ್ರ ಎಂಜಿನ್ ತಿರುಗಿದಾಗ ಕರೆಂಟ್ ಹುಟ್ಟಿಸೋ ಯಂತ್ರಕ್ಕ. ಸ್ಪೋರ್ಟ್ಸ್ ಕಾರಿನ ಆಲ್ಟರ್ನೇಟರ್ ಕಲಬುರಗಿ ಅಂಗಡ್ಯಾಗ ಸಹಜವಾಗಿ ಸಿಗೋ ಮಾಲಲ್ಲ, ಹೊರಗಿಂದ ತರಿಸಬೇಕು, ರೊಕ್ಕನೂ ದಂಡಿಯಾಗಿ ಹೋಗ್ತದ. ಅದಕ್ಕ ಅಳತಿ ಮಾಡದೇ ಒಂದು ಬೋಲ್ಟೂ ಬಿಚ್ಚಬ್ಯಾಡ್ರಿ.

ಚಾಲೂ ಮಾಡಿದ ಕೂಡ್ಲೇ ಯಾಕ ಚೀರ್ತದ? ಸೆಲ್ಫಿಗೆ ಖರ್ಚಾದ ಕರೆಂಟನ್ನ ಬ್ಯಾಟರಿಗೆ ವಾಪಸ್ ತುಂಬಲಿಕ್ಕೆ ಆಲ್ಟರ್ನೇಟರ್ ಆ ಹೊತ್ತಿಗೆ ಪೂರಾ ಜೋರು ಹಾಕ್ತದ. ಆ ಭಾರ ಎಳಿಯೋದು ಎಂಜಿನ್ನಿನಿಂದ ತಿರುಗೋ ಬೆಲ್ಟ್. ಸವದಿದ್ರ, ಇಲ್ಲಾ ಟೆನ್ಷನ್ ಕಡಿಮಿ ಇದ್ರ, ಪುಲ್ಲಿ (ಬೆಲ್ಟ್ ಓಡೋ ಗಾಲಿ) ಮ್ಯಾಲ ಜಾರ್ತದ. ಅಂದ್ರ ಈ ಸದ್ದು ಬೆಲ್ಟಿನ ಕಡಿ ಬೆರಳು ತೋರಿಸ್ತದ, ಆಲ್ಟರ್ನೇಟರ್ ಕಡಿ ಅಲ್ಲ.

ಎಂಜಿನ್ ಬಂದ್ ಮಾಡಿ, ಟಾರ್ಚ್ ಹಿಡದು ಬೆಲ್ಟಿನ ರಿಬ್ (ಉದ್ದುದ್ದ ಏಣು) ಇರೋ ಬದಿ ನೋಡ್ರಿ. ಹಳೇ ರಬ್ಬರ್ ಬೆಲ್ಟ್ ಬಿರುಕು ಬಿಡ್ತಿತ್ತು, ನೋಡಿದ್ರನೇ ತಿಳೀತಿತ್ತು. ಈಗಿನ ಇಪಿಡಿಎಂ (ಒಂದು ತರದ ಸಿಂಥೆಟಿಕ್ ರಬ್ಬರ್) ಬೆಲ್ಟ್ ಬಿರುಕು ಬಿಡೋದು ಕಮ್ಮಿ. ಟೈರಿನಂಗ ಸವೀತದ, ಹೊರಗಿಂದ ಹೊಸದರಂಗೇ ಕಾಣ್ತದ. ರಿಬ್ ಸವದಂಗ ನಡುವಿನ ಸಂದಿ ಅಗಲ ಆಗ್ತದ, ಬೆಲ್ಟ್ ಪುಲ್ಲಿಯೊಳಗ ಕೆಳಗ ಇಳೀತದ, ಆಮ್ಯಾಲ ಹಿಡತ ತಪ್ತದ. ಇದಕ್ಕ ಸಣ್ಣ ಪ್ಲಾಸ್ಟಿಕ್ ಗೇಜ್ ಬರ್ತದ. ಸಂದಿಯೊಳಗ ಇಟ್ರ ರಿಬ್ಬಿಗಿಂತ ಮ್ಯಾಲ ಎದ್ದಿರಬೇಕು. ಸಮ ಆಗಿದ್ರ, ಇಲ್ಲಾ ಒಳಗ ಹೋದ್ರ, ಆ ಬೆಲ್ಟ್ ತಗೀರಿ.

ನಮ್ಮ ಕಡಿ ಇನ್ನೊಂದು ಕಾಟ ಅದ. ಶಹಾಬಾದ್ ಫರಸಿ ಪುಡಿ, ಸೇಡಂ-ಚಿತ್ತಾಪುರ ಕಡಿ ಸಿಮೆಂಟಿನ ಧೂಳ, ಮಳಿ ಬಿದ್ರ ಎರಿ ಮಣ್ಣು. ಸ್ಪೋರ್ಟ್ಸ್ ಕಾರು ನೆಲಕ್ಕ ಹತ್ತಿ ಇರ್ತದ. ಎಂಜಿನ್ ಕೆಳಗಿನ ಕವರಿನಾಗ ಕೂತ ಮಣ್ಣು ಒಣಗಿ ಪುಲ್ಲಿ ಸಾಲಿನೊಳಗ ಗಟ್ಟಿ ಆಗ್ತದ, ಬೆಲ್ಟ್ ಹೊಸದಿದ್ರೂ ಚಿರ್-ಚಿರ್ ಅಂತದ. ಪುಲ್ಲಿ ಸಾಲನ್ನ ನೈಲಾನ್ ಬ್ರಷ್‌ನಿಂದ ತಿಕ್ಕಿ ತಗೀರಿ. ಬೆಲ್ಟಿಗೆ ಎಣ್ಣಿ, ಸ್ಪ್ರೇ ಅಂತೂ ಹಚ್ಚಲೇಬ್ಯಾಡ್ರಿ. ಸದ್ದು ಎರಡು ದಿನ ಮುಚ್ಕೊಂಡು ಹೋಗ್ತದ, ಧೂಳ ಮಾತ್ರ ಅದಕ್ಕ ಅಂಟಿ ಕೂಡ್ತದ.

ಈಗ ನೀರಿನ ಪರೀಕ್ಷಾ. ಗಾಡಿ ಐಡಲಿನಾಗ ಇರಲಿ. ತೋಳು, ಓಢಣಿ, ಕೂದಲ ಎಲ್ಲಾ ದೂರ. ಸ್ಪ್ರೇ ಬಾಟಲಿಯಿಂದ ರಿಬ್ ಬದಿಗೆ ಸ್ವಲ್ಪ ನೀರ ಹೊಡೀರಿ. ಸದ್ದು ನಿಂತು, ತುಸು ಹೊತ್ತಿಗೆ ಮತ್ತ ಬಂತಂದ್ರ ಯಾವುದೋ ಪುಲ್ಲಿ ಬಾಕಿ ಪುಲ್ಲಿಗಳ ನೇರಕ್ಕ ಇಲ್ಲ. ಸದ್ದು ಇನ್ನೂ ಜೋರಾತಂದ್ರ ಟೆನ್ಷನ್ ಸಾಲವಲ್ದು. ಏನೂ ಬದಲಾಗಲಿಲ್ಲಂದ್ರ ಬೇರಿಂಗ್ ಕಡಿ ನೋಡ್ರಿ.

ಬೆಲ್ಟನ್ನ ಬಿಗಿಯಾಗಿ ಇಡೋ ಟೆನ್ಷನರ್ ತೋಳಿನ ಮ್ಯಾಲ ಬಹಳಷ್ಟು ಗಾಡಿಗಳಾಗ ಗುರುತು ಇರ್ತದ. ಮುಳ್ಳು ಆ ಎರಡು ಗುರುತಿನ ನಡುವ ಇರಬೇಕು. ಕಡೀ ಗುರುತು ದಾಟಿದ್ರ ಬೆಲ್ಟ್ ಉದ್ದ ಆಗ್ಯದ, ಇಲ್ಲಾ ತಪ್ಪು ಅಳತಿದು ಹಾಕ್ಯಾರ. ಬೆಲ್ಟಿನ ಬೆನ್ನ ಮ್ಯಾಲ 6ಪಿಕೆ1750 ಅಂತ ಇದ್ರ 6 ರಿಬ್, 1750 ಮಿಲಿಮೀಟರ್ ಉದ್ದ. "ಇದೂ ನಡೀತದ್ರಿ" ಅಂತ ಅಂಗಡ್ಯಾಗ 1765ರದ್ದು ಕೊಟ್ರ ತಗೋಬ್ಯಾಡ್ರಿ.

ಬೆಲ್ಟ್ ತಗದ ಮ್ಯಾಲ ಒಂದೊಂದೇ ಪುಲ್ಲಿ ಕೈಲೆ ತಿರುಗಿಸ್ರಿ. ಬೆಲ್ಟಿಗೆ ದಾರಿ ತೋರಿಸೋ ಐಡ್ಲರ್ ಪುಲ್ಲಿಯ ಗ್ರೀಸ್ ಒಣಗಿದ್ರ ಗರಗರ ಅಂತ ಭಾಳ ಹೊತ್ತು ತಿರಗ್ತದ. ಸುಲಭ ತಿರಗ್ತದಂದ್ರ ಚಲೋ ಅದ ಅಂತ ಅನ್ಕೋಬ್ಯಾಡ್ರಿ. ಆಲ್ಟರ್ನೇಟರ್ ಪುಲ್ಲಿ ಹತ್ರ ಇನ್ನೂ ನಿಧಾನ ಮಾಡ್ರಿ. ಈಗಿನ ಭಾಳ ಗಾಡಿಗಳಾಗ ಇದರೊಳಗ ಒಮ್ಮುಖ ಕ್ಲಚ್ ಇರ್ತದ. ಒಂದು ದಿಕ್ಕಿಗೆ ತಿರುಗಿಸಿದ್ರ ಒಳಗಿನ ರೋಟರ್ ಕೂಡಿ ತಿರುಗಬೇಕು, ಇನ್ನೊಂದು ದಿಕ್ಕಿಗೆ ಪುಲ್ಲಿ ಒಂದೇ ಜಾರಬೇಕು. ಎರಡೂ ಕಡಿ ಜಾರಿದ್ರ ಕ್ಲಚ್ ಸತ್ತದ. ಆಲ್ಟರ್ನೇಟರ್ ಚಲೋ ಇದ್ರೂ ಚಾರ್ಜ್ ಆಗಂಗಿಲ್ಲ, ಪುಲ್ಲಿ ಒಂದೇ ಬದಲಿ ಮಾಡಿದ್ರ ಸಾಕು. ಎರಡೂ ಕಡಿ ಬಿಗದಿದ್ರ ಎಂಜಿನ್ನಿನ ಪ್ರತಿ ಝಟಕಾ ಬೆಲ್ಟಿಗೆ ಹೊಡೀತದ, ಟೆನ್ಷನರ್ ತೋಳು ಥರಥರ ನಡಗ್ತದ. ಅಂಥ ಗಾಡಿಗೆ ಎಷ್ಟು ಬೆಲ್ಟ್ ಹಾಕಿದ್ರೂ ಬಾಳಂಗಿಲ್ಲ.

ಬೆಲ್ಟಿಗೆ ಎಣ್ಣಿ ತಾಗಿದ್ರ ಎಣ್ಣಿ ಎಲ್ಲಿಂದ ಬಂತು ಅದು ಮೊದಲ ಹುಡುಕ್ರಿ. ಬಿಎಂಡಬ್ಲ್ಯುದ ಎನ್54, ಎನ್55 ಎಂಜಿನ್ನಿನಾಗ ಆಯಿಲ್ ಫಿಲ್ಟರ್ ಹೌಸಿಂಗ್ ಗ್ಯಾಸ್ಕೆಟ್ ಸೋರಿದ್ರ ಎಣ್ಣಿ ಸೀದಾ ಬೆಲ್ಟ್ ಮ್ಯಾಲ ಬೀಳ್ತದ. ಬೆಲ್ಟ್ ಹರದು ದಾರ ದಾರ ಆದ್ರ, ಕ್ರ್ಯಾಂಕ್ ಮುಂದಿನ ಸೀಲ್ ಒಳಗ ಸೇರ್ಕೊಂಡು ಎಂಜಿನ್ ತನಕ ಹೋಗಬಹುದು. ಗ್ಯಾಸ್ಕೆಟ್ ಬಿಟ್ಟು ಬೆಲ್ಟ್ ಒಂದೇ ಹಾಕಿದ್ರ ಅದು ರಿಪೇರಿ ಅಲ್ಲ.

ಬೆಲ್ಟ್ ಚಲೋ ಅದ ಅನ್ನಿಸಿದ್ರ ಈಗ ಮೀಟರ್ ಹಿಡೀರಿ. ರಾತ್ರಿ ಪೂರಾ ನಿಂತ ಗಾಡಿ ಬ್ಯಾಟರಿ 12.6 ವೋಲ್ಟ್ ಇದ್ರ ತುಂಬ್ಯದ. 12.2 ಅಂದ್ರ ಹೆಚ್ಚುಕಮ್ಮಿ ಅರ್ಧ. ಅರ್ಧಕ್ಕ ಬಂದ ಬ್ಯಾಟರಿ ಇಟ್ಕೊಂಡು ಆಲ್ಟರ್ನೇಟರ್ ಪರೀಕ್ಷಾ ಮಾಡಬ್ಯಾಡ್ರಿ, ಮೊದಲ ಚಾರ್ಜರಿಗೆ ಹಚ್ರಿ. ಚಾಲೂ ಮಾಡಿದ ಮ್ಯಾಲ 13.8ರಿಂದ 14.5 ಬರಬೇಕು. ಹೆಡ್‌ಲೈಟ್, ಎಸಿ ಬ್ಲೋವರ್, ಹಿಂದಿನ ಗಾಜಿನ ಹೀಟರ್ ಎಲ್ಲಾ ಹಚ್ಚಿ 2000 ಆರ್‌ಪಿಎಂಗೆ ರೇಸ್ ಮಾಡಿದ್ರೂ 13.5ಕ್ಕಿಂತ ಕೆಳಗ ಇಳೀಬಾರ್ದು. 15 ದಾಟಿದ್ರ ವೋಲ್ಟೇಜ್ ಹತೋಟಿಯಾಗ ಇಡೋ ರೆಗ್ಯುಲೇಟರ್ ಹೋಗ್ಯದ, ಅದು ಬ್ಯಾಟರಿನ ಕುದಿಸ್ತದ. ಒಂದು ಎಚ್ಚರ: ಬ್ಯಾಟರಿ ಮೈನಸ್ ಮ್ಯಾಲ ಸೆನ್ಸರ್ ಇರೋ ಹೊಸ ಗಾಡಿಗಳು ಬ್ಯಾಟರಿ ತುಂಬಿದ್ರ ಬೇಕಂತಲೇ ಚಾರ್ಜ್ ಇಳಸ್ತಾವ, 12.8 ತೋರಸ್ತಾವ. ಅದು ದೋಷ ಅಲ್ಲ. ಲೋಡ್ ಹಾಕಿ, ಅಂದ್ರ ಲೈಟ್, ಬ್ಲೋವರ್ ಎಲ್ಲಾ ಹಚ್ಚಿ ನೋಡಿದ್ರ ಖರೇ ತಿಳೀತದ.

ಸ್ಪೋರ್ಟ್ಸ್ ಕಾರಿನಾಗ ಎಲ್ಲರೂ ಬಿಡೋ ಜಾಗ ಕೇಬಲ್. ಪೋರ್ಷೆ 911ರಾಗ ಎಂಜಿನ್ ಹಿಂದ, ಬ್ಯಾಟರಿ ಮುಂದ. ಬಿಎಂಡಬ್ಲ್ಯು ಝಡ್4ರಾಗ ಎಂಜಿನ್ ಮುಂದ, ಬ್ಯಾಟರಿ ಡಿಕ್ಕಿಯಾಗ. ನಡುವ ಉದ್ದ ಕೇಬಲ್. ಲೋಡ್ ಹಾಕಿ ಮೀಟರಿನ ಒಂದು ಕಡ್ಡಿ ಆಲ್ಟರ್ನೇಟರಿನ ಬಿ ಪ್ಲಸ್ ಸ್ಟಡ್ಡಿಗೆ (ಕರೆಂಟ್ ಹೊರಗ ಬರೋ ಬೋಲ್ಟಿಗೆ), ಇನ್ನೊಂದು ಬ್ಯಾಟರಿ ಪ್ಲಸ್ಸಿಗೆ ಹಿಡೀರಿ. 0.3 ವೋಲ್ಟಿಗಿಂತ ಜಾಸ್ತಿ ಬಂದ್ರ ತಪ್ಪು ಕೇಬಲ್‌ದು. ಹಂಗೇ ಆಲ್ಟರ್ನೇಟರ್ ಮೈಯಿಂದ ಬ್ಯಾಟರಿ ಮೈನಸ್ ತನಕ 0.2ರೊಳಗ ಇರಬೇಕು. 996, 997 ಮಾದರಿ 911ಗಳಾಗ ಸ್ಟಾರ್ಟರಿನಿಂದ ಆಲ್ಟರ್ನೇಟರಿಗೆ ಹೋಗೋ ಕೇಬಲ್ ಒಳಗೇ ತುಕ್ಕು ಹಿಡಿಯೋದು ಹೆಸರಾದ ಕಾಯಿಲೆ. ಹೊರಗಿನ ರಬ್ಬರ್ ಚಂದ ಕಾಣ್ತದ. ಬಿ ಪ್ಲಸ್ ಸ್ಟಡ್ಡಿನಾಗ ಯಾವಾಗ್ಲೂ ಕರೆಂಟ್ ಇರ್ತದ, ಪಾನಾ ಹಾಕೋಕಿಂತ ಮೊದಲ ಎಂಜಿನ್ ಬಂದ್ ಮಾಡಿ ಬ್ಯಾಟರಿ ಮೈನಸ್ ತಗೀರಿ.

ಕಡೀಗೆ ಮೀಟರನ್ನ ಎಸಿ ವೋಲ್ಟಿಗೆ (ಇದು ಗಾಡಿ ತಂಪು ಮಾಡೋ ಎಸಿ ಅಲ್ಲ, ಆಲ್ಟರ್ನೇಟಿಂಗ್ ಕರೆಂಟ್) ಹಾಕಿ, ಗಾಡಿ ಚಾಲೂ ಇದ್ದಾಗ ಬ್ಯಾಟರಿ ಮ್ಯಾಲ ಹಿಡೀರಿ. 0.5 ದಾಟಿದ್ರ ಆಲ್ಟರ್ನೇಟರಿನೊಳಗ ಎಸಿ ಕರೆಂಟನ್ನ ಡಿಸಿ ಮಾಡೋ ಡಯೋಡ್ ಹೋಗ್ಯದ. ಸ್ಪೀಕರಿನಾಗ ರೇಸಿನ ಕೂಡ ಏರೋ ಗುಂಯ್ ಸದ್ದು, ನಿಂತ ಗಾಡಿ ಬ್ಯಾಟರಿ ರಾತ್ರೋರಾತ್ರಿ ಇಳಿಯೋದು, ಎರಡೂ ಇದೇ ಕಾರಣಕ್ಕ ಆಗಬಹುದು. ಲೈಟ್ ಒಮ್ಮಿ ಹತ್ತಿ ಒಮ್ಮಿ ಆರಿದ್ರ ಆಲ್ಟರ್ನೇಟರಿನ ಕಾರ್ಬನ್ ಬ್ರಷ್ (ತಿರುಗೋ ರೋಟರಿಗೆ ಕರೆಂಟ್ ಮುಟ್ಟಿಸೋ ತುಂಡು) ನೋಡ್ರಿ. ಅದನ್ನ ಇಲ್ಲೇ ಊರಾಗ ಒಳ್ಳೇ ಆಟೋ ಎಲೆಕ್ಟ್ರಿಷಿಯನ್ ಬದಲಿ ಮಾಡಿ ಕೊಡ್ತಾರ.

ಚಾಲೂ ಗಾಡಿಯ ಬ್ಯಾಟರಿ ಟರ್ಮಿನಲ್ ಕಿತ್ತು ಡೈನಮೋ ಪರೀಕ್ಷಾ ಮಾಡೋ ಹಳೇ ಪದ್ಧತಿ ಇನ್ನೂ ನಡದದ. ದಯಮಾಡಿ ಮಾಡಿಸಬ್ಯಾಡ್ರಿ. ಬ್ಯಾಟರಿ ತಪ್ಪಿದ ಕೂಡ್ಲೇ ವೋಲ್ಟೇಜ್ ಹತ್ತಾರು ವೋಲ್ಟಿಗೆ ಜಿಗೀತದ, ಇಸಿಯು (ಗಾಡಿಯ ಕಂಪ್ಯೂಟರ್) ಸುಡಬಹುದು.

ರಾತ್ರಿ ಹುಮನಾಬಾದ್ ರೋಡಿನಾಗ, ಕಮಲಾಪುರದ ಆಚಿ ಲೈಟ್ ಹತ್ತಿ ಆರಲಿಲ್ಲಂದ್ರ ಮೊದಲ ಟೆಂಪರೇಚರ್ ನೋಡ್ರಿ. ವಾಟರ್ ಪಂಪ್ ಅದೇ ಬೆಲ್ಟ್ ಮ್ಯಾಲ ಇರೋ ಗಾಡಿಯಾಗ ಮುಳ್ಳು ಏರ್ತಿದ್ರ ಬೆಲ್ಟ್ ಹರದದ, ಅಲ್ಲೇ ಬದಿಗೆ ನಿಲ್ಲಸ್ರಿ. ಮುಳ್ಳು ಸರಿ ಅದ, ಸುಟ್ಟ ವಾಸನಿ ಇಲ್ಲಂದ್ರ ಎಸಿ, ಬ್ಲೋವರ್, ಮ್ಯೂಸಿಕ್ ಬಂದ್ ಮಾಡಿ ಹತ್ರದ ಊರಿನ ತನಕ ಹೋಗ್ರಿ. ನಡುವ ಎಲ್ಲೂ ಎಂಜಿನ್ ಬಂದ್ ಮಾಡಬ್ಯಾಡ್ರಿ. ಇನ್ನೊಂದು ಸೆಲ್ಫಿಗೆ ಬ್ಯಾಟರಿಯಾಗ ಜೀವ ಇರಲಿಕ್ಕಿಲ್ಲ.