ಬೋಟ್ ಸಿಕ್ಕ ದಿನವೇ ಹೊರಡುವುದು

ಕೇಳುಗರಿಗೆ ನಮಸ್ಕಾರ.

ಅಂಡಮಾನ್‌ಗೆ ಹೊರಟವರು ಮೊದಲು ಕೇಳುವುದು ಯಾವ ಬೀಚ್ ಚೆನ್ನಾಗಿದೆ ಅಂತ. ಕೈಯಲ್ಲಿ ದುಡ್ಡು ಕಡಿಮೆ ಇದ್ದವರು ಅದನ್ನು ಆಮೇಲೆ ಕೇಳಿದರೂ ನಡೆಯುತ್ತದೆ. ಮೊದಲು ವಿಚಾರಿಸಬೇಕಾದದ್ದು ಬೋಟ್. ಯಾವ ದ್ವೀಪಕ್ಕೆ ಯಾವತ್ತು ಬೋಟ್ ಇದೆ, ಅದರಲ್ಲಿ ಸೀಟು ಸಿಗುತ್ತದಾ? ಅಲ್ಲಿ ಪ್ರವಾಸದ ಯಜಮಾನಿಕೆ ಪೂರ್ತಿ ಬೋಟಿನದ್ದು. ಅದು ಬಿಟ್ಟರೆ ಸಮುದ್ರದ ಉಬ್ಬರ ಇಳಿತದ್ದು. ಇವೆರಡರ ಜೊತೆ ಹಟ ಮಾಡದಿದ್ದರೆ ಅರ್ಧ ಖರ್ಚು ತಾನಾಗಿಯೇ ಇಳಿಯುತ್ತದೆ.

ನಾನೂ ನಮ್ಮ ಮನೆಯವರೂ ಫೆಬ್ರವರಿಯಲ್ಲಿ ಹೋಗಿದ್ದೆವು. ಬೆನ್ನಿಗೊಂದು ಚೀಲ, ಅಷ್ಟೇ ಸಾಮಾನು. ಪ್ಯಾಕೇಜ್ ಟೂರ್ ಬೇಡ ಅಂತ ಮೊದಲೇ ತೀರ್ಮಾನವಾಗಿತ್ತು. ವಿಮಾನ ಇಳಿಯುವುದು ಪೋರ್ಟ್ ಬ್ಲೇರ್‌ನಲ್ಲಿ. 2024ರಿಂದ ಆ ಊರಿನ ಹೆಸರು ಶ್ರೀ ವಿಜಯಪುರಂ. ಹ್ಯಾವ್‌ಲಾಕ್ ದ್ವೀಪ 2018ರಲ್ಲೇ ಸ್ವರಾಜ್ ದ್ವೀಪ ಆಯಿತು, ನೀಲ್ ಶಹೀದ್ ದ್ವೀಪ ಆಯಿತು. ಬಾಯಲ್ಲಿ ಮಾತ್ರ ಇನ್ನೂ ಹಳೇ ಹೆಸರುಗಳೇ ಓಡಾಡುತ್ತಿವೆ. ನಾನೂ ಹಾಗೇ ಹೇಳುತ್ತೇನೆ, ಏನೂ ಅಂದುಕೊಳ್ಳಬೇಡಿ.

ಪೋರ್ಟ್ ಬ್ಲೇರ್‌ನಿಂದ ಹ್ಯಾವ್‌ಲಾಕ್‌ಗೆ ಹೋಗಲು ಎರಡು ದಾರಿ. ಖಾಸಗಿ ಬೋಟಿನಲ್ಲಿ ಒಂದೂವರೆ ಗಂಟೆ, ಏಸಿ ಇರುತ್ತದೆ, ಟಿಕೆಟ್ ಸಾವಿರ ರೂಪಾಯಿ ದಾಟುತ್ತದೆ. ಸರ್ಕಾರಿ ಬೋಟಿನಲ್ಲಿ ಎರಡೂವರೆ ಗಂಟೆ ಹಿಡಿಯಬಹುದು, ಆದರೆ ಕೆಲವು ನೂರು ರೂಪಾಯಿಯಲ್ಲಿ ಕೆಲಸ ಮುಗಿಯುತ್ತದೆ. ಸರ್ಕಾರಿ ಟಿಕೆಟ್ ಕೆಲವೇ ದಿನ ಮುಂಚೆ ಬಿಡುತ್ತಾರೆ. ದ್ವೀಪದ ಜನರಿಗೆ ಬೇರೆ ದರ ಇದೆ, ಅವರಿಗೆ ಆದ್ಯತೆಯೂ ಇದೆ. ಇದು ನ್ಯಾಯವೇ. ನಾವು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯವರು. ಶರಾವತಿ ಹಿನ್ನೀರಿನ ಆಚೆಯ ತುಮರಿಯ ನೆಂಟರ ಮನೆಗೆ ಹೋಗಬೇಕಾದರೆ ಹೊಳೆಬಾಗಿಲಲ್ಲಿ ಲಾಂಚ್‌ಗೆ ಕಾದು ಬೆಳೆದವರು. 2025ರಲ್ಲಿ ಸಿಗಂದೂರು ಸೇತುವೆ ಆಗುವ ತನಕ ಅಲ್ಲಿನವರ ಬದುಕು ಲಾಂಚಿನ ಟೈಮಿಗೆ ಕಟ್ಟಿಹಾಕಿಕೊಂಡಿತ್ತು. ರಜೆಯಲ್ಲಿ ಪ್ರವಾಸಿಗರ ಕಾರುಗಳೇ ಲಾಂಚ್ ತುಂಬಿಕೊಂಡಾಗ ಆಸ್ಪತ್ರೆಗೆ ಹೊರಟ ಊರವರಿಗೆ ಹೇಗಾಗುತ್ತಿತ್ತು ಅಂತ ನೋಡಿದ್ದೇವೆ. ಹಾಗಾಗಿ ಜೆಟ್ಟಿಯಲ್ಲಿ ಸುಮ್ನೆ ಕಾದೆವು. ಮೊದಲು ಹ್ಯಾವ್‌ಲಾಕ್ ಅಂದುಕೊಂಡಿದ್ದೆವು, ಸೀಟು ಸಿಕ್ಕಿದ್ದು ನೀಲ್‌ಗೆ. ಸರಿ, ನೀಲ್‌ಗೇ ನಡಿ ಅಂತ ಹತ್ತಿದೆವು.

ಸರ್ಕಾರಿ ಬೋಟಿನ ಕೆಳಗಿನ ಭಾಗದಲ್ಲಿ ಡೀಸೆಲ್ ವಾಸನೆ. ನಮ್ಮ ಎದುರು ಕೂತ ಹೆಂಗಸು ಹೊಸ ಮಿಕ್ಸಿಯ ಡಬ್ಬಿಯನ್ನು ತೊಡೆ ಮೇಲಿಂದ ಇಳಿಸಲೇ ಇಲ್ಲ. ಪಕ್ಕದಲ್ಲಿ ರಟ್ಟಿನ ಪೆಟ್ಟಿಗೆ, ಅದಕ್ಕೆ ತೂತುಗಳು, ಒಳಗಿಂದ ಕೋಳಿಮರಿಗಳ ಚಿಂವ್‌ಚಿಂವ್. ಹೊಟ್ಟೆ ತೊಳಸಿದ ಹಾಗೆ ಆದಾಗ ಮೇಲಿನ ಡೆಕ್‌ಗೆ ಹೋದೆವು. ಈ ಬೋಟಿನಲ್ಲಿ ಅದೊಂದು ಸುಖ, ಗಾಳಿಗೆ ನಿಲ್ಲಬಹುದು. ನಿಂತರೆ ಹಾರುವ ಮೀನು ಕಾಣುತ್ತವೆ. ಅಂಗೈ ಉದ್ದದ ಮೀನು ನೀರಿಂದ ಚಿಮ್ಮಿ, ರೆಕ್ಕೆ ಬಿಚ್ಚಿಕೊಂಡು ಅಲೆಯ ಮೇಲೆಯೇ ಸುಮಾರು ದೂರ ತೇಲಿ ಮತ್ತೆ ಮುಳುಗುತ್ತದೆ. ಹೆಚ್ಚು ದುಡ್ಡು ಕೊಟ್ಟವರು ಗಾಜಿನ ಕಿಟಕಿಯ ಹಿಂದೆ ಟಿವಿ ನೋಡುತ್ತಾ ಕೂತಿರುತ್ತಾರೆ ಅಂತ ನಮ್ಮವರಿಗೆ ಒಳಗೊಳಗೇ ಖುಷಿ.

ನೀಲ್ ಪುಟ್ಟ ದ್ವೀಪ. ಊರುಗಳ ಹೆಸರು ಸೀತಾಪುರ, ಭರತಪುರ, ಲಕ್ಷ್ಮಣಪುರ, ರಾಮನಗರ. ದೇಶ ವಿಭಜನೆಯಾದ ಮೇಲೆ ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿ ಕುಟುಂಬಗಳಿಗೆ ಸರ್ಕಾರ ಇಲ್ಲಿ ಜಮೀನು ಕೊಟ್ಟಿತು. ಪೋರ್ಟ್ ಬ್ಲೇರ್ ಮಾರುಕಟ್ಟೆಗೆ ತರಕಾರಿ ಹೋಗುವುದು ಇಲ್ಲಿಂದಲೂ. ನಾವು ಉಳಿದದ್ದು ಬಿದಿರಿನ ಗುಡಿಸಲಲ್ಲಿ. ಸೊಳ್ಳೆಪರದೆ ಇತ್ತು, ಫ್ಯಾನ್ ಇತ್ತು, ಬಚ್ಚಲು ಹೊರಗೆ. ಬಾಡಿಗೆ ಸೈಕಲ್‌ನಲ್ಲಿ ದ್ವೀಪ ಸುತ್ತಬಹುದು. ಮಧ್ಯಾಹ್ನ ಸಂತೆಬೀದಿಯಲ್ಲಿ ಅನ್ನ, ಬೇಳೆ, ಬದನೆಕಾಯಿ ಕರಿದದ್ದು, ಬೇಕಾದವರಿಗೆ ಮೀನು.

ಸೈಕಲ್ ತುಳಿಯುತ್ತಾ ಹೋಗುವಾಗ ನಮ್ಮವರು ಗಕ್ಕನೆ ನಿಂತರು. "ಮಾರಾಯ್ತಿ, ಇಲ್ಲಿ ನೋಡು!" ಅಂತ ಒಂದು ಕೂಗು. ಏನಪ್ಪಾ ಅಂತ ನೋಡಿದರೆ ಅಡಿಕೆ! ತೆಂಗಿನ ನಡುವೆ ಅಡಿಕೆ ಮರ, ಅಂಗಳದಲ್ಲಿ ಸಿಪ್ಪೆ ಸಮೇತ ಒಣಹಾಕಿದ ಹಣ್ಣಡಿಕೆ, ಅಂದರೆ ಗೋಟು. ಸಮುದ್ರ ನೋಡಲು ಸಾವಿರಾರು ರೂಪಾಯಿ ಕೊಟ್ಟು ಬಂದ ಮನುಷ್ಯ ಆಮೇಲೆ ಒಂದು ಗಂಟೆ ಅಲ್ಲಿಂದ ಅಲ್ಲಾಡಲಿಲ್ಲ. ಮನೆಯ ಹಿರಿಯರನ್ನು "ದಾದಾ" ಅಂತ ಕರೆದು ಮಾತು ಶುರು ಮಾಡಿದರು. ಅವರದು ಬಂಗಾಳಿ ಮಿಶ್ರಿತ ಹಿಂದಿ, ಇವರದು ಸಾಗರದ ಹಿಂದಿ. ನಮ್ಮಲ್ಲಿ ಹಸಿ ಅಡಿಕೆ ಸುಲಿದು ಚೊಗರಿನಲ್ಲಿ, ಅಂದರೆ ಅಡಿಕೆ ಬೇಯಿಸಿ ಉಳಿದ ಕೆಂಪು ನೀರಿನಲ್ಲಿ, ಬೇಯಿಸಿ ಕೆಂಪಡಿಕೆ ಮಾಡುತ್ತೇವೆ ಅನ್ನುವುದನ್ನು ಕೈಸನ್ನೆಯಲ್ಲಿ ಹೇಳುವಾಗ ನೋಡಬೇಕಿತ್ತು. ಆ ಅಜ್ಜನಿಗೆ ಬೇಕಿದ್ದದ್ದು ಒಂದೇ, ನಿಮ್ಮಲ್ಲಿ ರೇಟ್ ಎಷ್ಟು? ಕೇಳಿ ಒಂದು ನಿಟ್ಟುಸಿರು ಬಿಟ್ಟರು. ಕಡೆಗೆ ಎಳನೀರು ಕೆತ್ತಿ ಕೊಟ್ಟರು, ದುಡ್ಡು ಮುಟ್ಟಲಿಲ್ಲ.

ಉಬ್ಬರ ಇಳಿತದ ಮಾತು ಮೊದಲೇ ಎತ್ತಿದ್ದೆನಲ್ಲ. ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ನೀಲ್‌ನ ದಡದಲ್ಲಿ ತಾನಾಗಿ ಆದ ಕಲ್ಲಿನ ಕಮಾನು ನೋಡಬೇಕಾದರೆ ಇಳಿತದ ಹೊತ್ತಿಗೇ ಹೋಗಬೇಕು. ನೀರು ಹಿಂದೆ ಸರಿದಾಗ ಬಂಡೆಯ ಗುಂಡಿಗಳಲ್ಲಿ ಮೊಣಕಾಲು ಮಟ್ಟದ ನೀರು ನಿಂತಿರುತ್ತದೆ. ಅದರಲ್ಲಿ ಸಮುದ್ರ ಸೌತೆ ಅನ್ನುವ ಕಪ್ಪು ಜೀವಿ, ನಕ್ಷತ್ರ ಮೀನು, ನೀಲಿ ತುಟಿಯ ದೊಡ್ಡ ಚಿಪ್ಪು. ನೆರಳು ಬಿದ್ದರೆ ಸಾಕು, ಆ ತುಟಿ ಪಟ್ಟಂತ ಮುಚ್ಚಿಕೊಳ್ಳುತ್ತದೆ. ಇದಕ್ಕೆ ಟಿಕೆಟ್ ಇಲ್ಲ. ಕಾಲಿಗೆ ರಬ್ಬರ್ ಚಪ್ಪಲಿ ಇರಲಿ, ಹವಳದ ಮೇಲೆ ಕಾಲಿಡಬೇಡಿ. ಹವಳ, ಚಿಪ್ಪು ಚೀಲಕ್ಕೆ ಹಾಕಿಕೊಂಡು ಬರುವಂತೆಯೂ ಇಲ್ಲ. ವಿಮಾನ ನಿಲ್ದಾಣದಲ್ಲಿ ತಪಾಸಣೆ ಇದೆ.

ಇನ್ನೊಂದು, ಹೊತ್ತಿನ ಲೆಕ್ಕ. ಅಂಡಮಾನ್ ಬೆಂಗಳೂರಿಗಿಂತ ಸುಮಾರು 15 ಡಿಗ್ರಿ ಪೂರ್ವಕ್ಕಿದೆ. ಒಂದು ಡಿಗ್ರಿಗೆ 4 ನಿಮಿಷ, ಅಂದರೆ ಒಂದು ಗಂಟೆ ವ್ಯತ್ಯಾಸ. ಗಡಿಯಾರ ಮಾತ್ರ ನಮ್ಮದೇ. ಹಾಗಾಗಿ ಚಳಿಗಾಲದಲ್ಲಿ ಸಂಜೆ 5.30ಕ್ಕೆಲ್ಲ ಸೂರ್ಯ ಮುಳುಗಿ ಆಗಿರುತ್ತದೆ. ಊಟ ಮಾಡಿ ಒಂದು ನಿದ್ದೆ ತೆಗೆದು ಬೀಚ್‌ಗೆ ಹೋಗೋಣ ಅಂದರೆ ಕತ್ತಲಲ್ಲಿ ಅಲೆಯ ಸದ್ದು ಕೇಳಿಕೊಂಡು ಬರಬೇಕು, ಅಷ್ಟೇ.

ಆಮೇಲೆ ಹ್ಯಾವ್‌ಲಾಕ್‌ಗೂ ಹೋದೆವು. ಅಲ್ಲಿನ ರಾಧಾನಗರ ಬೀಚ್ ಬಗ್ಗೆ ಎಲ್ಲರೂ ಹೇಳುತ್ತಾರೆ, 2004ರಲ್ಲಿ ಟೈಮ್ ಪತ್ರಿಕೆ ಏಷ್ಯಾದಲ್ಲೇ ಅತ್ಯುತ್ತಮ ಅಂದಿತ್ತು. ನಾನು ಹೆಚ್ಚು ಹೇಳುವುದಿಲ್ಲ, ಚೆನ್ನಾಗಿದೆ. ಜೆಟ್ಟಿಯಿಂದ ಅಲ್ಲಿಗೆ ಬಸ್ ಇದೆ ಅನ್ನುವುದನ್ನು ಮಾತ್ರ ನೆನಪಿಡಿ, ಟ್ಯಾಕ್ಸಿಯವರು ಅದನ್ನು ಹೇಳುವುದಿಲ್ಲ. ಈ ದ್ವೀಪದಲ್ಲಿ ಸಮುದ್ರದಲ್ಲಿ ಈಜುವ ಒಂದು ಆನೆ ಇತ್ತು, ರಾಜನ್ ಅಂತ. ಕಾಡಿನ ಮರ ಸಾಗಿಸಲು ತಂದವನು. 2016ರಲ್ಲಿ ತೀರಿಕೊಂಡ.

ಬೋಟು, ಗುಡಿಸಲು, ಬಸ್ಸು ಅಂತ ಉಳಿಸಿದ ದುಡ್ಡನ್ನು ನಾವು ಹ್ಯಾವ್‌ಲಾಕ್‌ನಲ್ಲಿ ಒಂದೇ ಕಡೆ ಸುರಿದೆವು, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದೊಳಗೆ ಇಳಿಯುವ ಸ್ಕೂಬಾ ಡೈವಿಂಗ್‌ಗೆ. ನಮ್ಮವರಿಗೆ ಈಜು ಬರುವುದಿಲ್ಲ. "ನೀನು ಹೋಗು, ನಾನು ದಡದಲ್ಲಿ ಚೀಲ ಕಾಯ್ತೀನಿ" ಅಂದರು. "ರೀ, ಈಜು ಬರದವರೂ ಹೋಗಬಹುದಂತೆ, ಬನ್ನಿ" ಅಂತ ಎಳೆದುಕೊಂಡು ಹೋದೆ. ಮೊದಲ ಸಲದವರನ್ನು ತರಬೇತುದಾರರು ಹಿಡಿದುಕೊಂಡೇ ಇರುತ್ತಾರೆ, 12 ಮೀಟರ್‌ಗಿಂತ ಕೆಳಗೆ ಇಳಿಸುವುದಿಲ್ಲ. 10 ಮೀಟರ್ ಇಳಿದರೆ ಮೈಮೇಲಿನ ಒತ್ತಡ ಎರಡರಷ್ಟಾಗುತ್ತದೆ. ಅದಕ್ಕೇ ಇಳಿಯುವಾಗ ಮೂಗು ಹಿಡಿದು ಕಿವಿಗೆ ಗಾಳಿ ತಳ್ಳುತ್ತಿರಬೇಕು. ಬಾಯಲ್ಲಿ ಕೊಳವೆ ಇರುವುದರಿಂದ ಗಂಡ ಹೆಂಡತಿ ಜಗಳ ಸಾಧ್ಯವಿಲ್ಲ. ಪ್ರವಾಸದಲ್ಲಿ ನಾವು ಅತಿ ಶಾಂತವಾಗಿ ಕಳೆದ ಅರ್ಧ ಗಂಟೆ ಅದು. ಮೇಲೆ ಬಂದ ತಕ್ಷಣ ಇನ್ನೊಮ್ಮೆ ಹೋಗೋಣವಾ ಅಂತ ಕೇಳಿದವರು ಅವರೇ. ದುಡ್ಡಿರಲಿಲ್ಲ.

ವಾಪಸ್ ಹೊರಡುವಾಗ ಒಂದು ಎಚ್ಚರ. ವಿಮಾನದ ಹಿಂದಿನ ರಾತ್ರಿ ಪೋರ್ಟ್ ಬ್ಲೇರ್‌ನಲ್ಲೇ ಇರಿ. ಗಾಳಿ ಎದ್ದರೆ ಬೋಟ್ ನಿಲ್ಲುತ್ತದೆ. 2016ರ ಡಿಸೆಂಬರ್‌ನಲ್ಲಿ ಸಾವಿರಕ್ಕೂ ಹೆಚ್ಚು ಪ್ರವಾಸಿಗರು ಈ ಎರಡು ದ್ವೀಪಗಳಲ್ಲಿ ಸಿಕ್ಕಿಹಾಕಿಕೊಂಡಿದ್ದರು. ನೌಕಾಪಡೆ ಹೋಗಿ ಕರೆತರಬೇಕಾಯಿತು. ಕೈಯಲ್ಲಿ ಸ್ವಲ್ಪ ನಗದೂ ಇರಲಿ, ನೀಲ್‌ನಲ್ಲಿ ಎಟಿಎಂ, ಮೊಬೈಲ್ ಸಿಗ್ನಲ್ ಎರಡನ್ನೂ ನಂಬಿ ಕೂರುವ ಹಾಗಿಲ್ಲ.

ಫೋಟೋ ನೋಡಿದ ನಮ್ಮ ಅತ್ತೆ ಮುಂದಿನ ಸಲ ತಾವೂ ಬರುತ್ತೇನೆ ಅಂದಿದ್ದಾರೆ. ಅಡಿಕೆ ತೋಟ ನೋಡಬೇಕಂತೆ. ಅವರಿಗೆ ಮಾತ್ರ ಏಸಿ ಬೋಟಿನ ಟಿಕೆಟ್ಟೇ ತೆಗೆಯುವುದು ಅಂತ ಮಾತಾಗಿದೆ. ಮಗ ಸೊಸೆ ಮಾಮೂಲಿನಂತೆ ಡೆಕ್ ಮೇಲೆ ಹಿಂದಿನಿಂದ ಬರುತ್ತಾರೆ.

ನಮಸ್ಕಾರ.