ಗದ್ದಲ ಇಲ್ಲದ ದಿನದ ನಗರಸಭೆ

ಕೇಳುಗರಿಗೆ ನಮಸ್ಕಾರ.

ನಗರಸಭೆಯ ಸುದ್ದಿ ಪತ್ರಿಕೆಯಲ್ಲಿ ಯಾವಾಗ ಬರುತ್ತದೆ, ಗಮನಿಸಿದ್ದೀರಾ? ಯಾರಾದರೂ ಅಜೆಂಡಾ ಹರಿದು ಎಸೆದರೆ ಬರುತ್ತದೆ. ಪ್ರತಿಪಕ್ಷದವರು ಎದ್ದು ಹೊರಗೆ ನಡೆದರೆ ಬರುತ್ತದೆ. ಅಧ್ಯಕ್ಷರ ಮೇಜಿನ ಎದುರು ನಾಲ್ಕು ಜನ ನಿಂತು ಬೊಬ್ಬೆ ಹೊಡೆದರೆ ಫೋಟೋ ಸಮೇತ ಬರುತ್ತದೆ. ಯಾರೂ ಬೊಬ್ಬೆ ಹೊಡೆಯದೆ, ಚಹಾ ಕುಡಿದು, ಪಳಂಪೊರಿ (ಬಾಳೆಹಣ್ಣಿನ ಪೋಡಿ) ತಿಂದು, ಸಹಿ ಹಾಕಿ ಎಲ್ಲರೂ ಮನೆಗೆ ಹೋದ ದಿನ ಒಂದು ಸಾಲೂ ಇಲ್ಲ. ನಾನು ಇವತ್ತು ಮಾತಾಡುವುದು ಆ ದಿನದ ಬಗ್ಗೆಯೇ. ಯಾಕೆಂದರೆ ನಮ್ಮ ತೆರಿಗೆ ದುಡ್ಡು ಜಾಸ್ತಿ ಖರ್ಚಾಗುವುದು ಅಂಥ ದಿನಗಳಲ್ಲಿ.

ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಮೂರು ನಗರಸಭೆಗಳುಂಟು. ಕಾಸರಗೋಡು, ಕಾಞಂಗಾಡು, ನೀಲೇಶ್ವರ. ಉಳಿದದ್ದೆಲ್ಲ ಪಂಚಾಯತು. ಮೂರಕ್ಕೂ ಕಾನೂನು ಒಂದೇ, 1994ರ ಕೇರಳ ಮುನಿಸಿಪಾಲಿಟಿ ಕಾಯಿದೆ. ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ಕ್ಕೆ ಜಾರಿಗೆ ಬಂದಮೇಲೆ ಬಂದದ್ದು ಇದು. ಹಾಗಾಗಿ ನಾನು ಹೇಳುವುದು ಯಾವುದೋ ಒಂದು ಊರಿನ ದೂರಲ್ಲ, ಎಲ್ಲ ಕಡೆ ನಡೆಯುವ ಸಾಧಾರಣ ಕ್ರಮ.

ಸಭೆಯ ಹಾಲ್ ಹೇಗಿರುತ್ತದೆ ನೋಡೋಣ. ನಡುವೆ ಅಧ್ಯಕ್ಷರು, ಪಕ್ಕದಲ್ಲಿ ಸೆಕ್ರೆಟರಿ. ಈ ಸೆಕ್ರೆಟರಿ ಅಂದರೆ ಸರಕಾರದ ನೌಕರರು, ಸಭೆಯಲ್ಲಿ ಮಾತಾಡಬಹುದು, ಮತ ಹಾಕುವಂತಿಲ್ಲ. ಎದುರು ವಾರ್ಡಿಗೊಬ್ಬರಂತೆ ಸದಸ್ಯರು. ಕೇರಳದಲ್ಲಿ 2010ರ ಚುನಾವಣೆಯಿಂದ ಅರ್ಧದಷ್ಟು ಸೀಟು ಹೆಂಗಸರಿಗೆ ಮೀಸಲು. ಅವರಲ್ಲಿ ಹಲವರು ಕುಟುಂಬಶ್ರೀಯ, ಅಂದರೆ ಹೆಂಗಸರ ಸ್ವಸಹಾಯ ಸಂಘಗಳ ಲೆಕ್ಕಪುಸ್ತಕ ಬರೆದು ಬರೆದು ಮೇಲೆ ಬಂದವರು. ನನ್ನ ಅಭಿಪ್ರಾಯ ಕೇಳಿದರೆ, ಭಾಷಣ ಮಾಡುವವರಿಗಿಂತ ಅಂಥವರ ಮೇಲೆ ನನಗೆ ಭರವಸೆ ಜಾಸ್ತಿ. ಅವರ ಕಣ್ಣು ಮೊದಲು ಹೋಗುವುದು ಅಂಕೆಯ ಕಡೆಗೆ.

ಸಭೆಗೆ ಮುಂಚೆ ಸದಸ್ಯರ ಕೈಗೆ ಅಜೆಂಡಾ ಬಂದಿರುತ್ತದೆ. ಒಂದು ಸಾಧಾರಣ ತಿಂಗಳ ಅಜೆಂಡಾದಲ್ಲಿ ಎಂತದ್ದೆಲ್ಲ ಇರುತ್ತದೆ ಅಂದರೆ, ಹಿಂದಿನ ಸಭೆಯ ನಡಾವಳಿ, ಸ್ಥಾಯಿ ಸಮಿತಿಗಳ ತೀರ್ಮಾನ, ಯಾವುದೋ ರಸ್ತೆಯ ಟೆಂಡರ್, ಇನ್ಯಾವುದೋ ಕೆಲಸಕ್ಕೆ ಕಾಂಟ್ರಾಕ್ಟರ್ ಕೇಳಿದ ಹೆಚ್ಚಿನ ಸಮಯ, ಬಸ್‌ಸ್ಟಾಂಡಿನ ಅಂಗಡಿ ಕೋಣೆಯ ಏಲಂ, ಮೀನು ಮಾರ್ಕೆಟಿನ ನೀರು, ಬೀದಿ ನಾಯಿ, ಪಿಂಚಣಿ ಅರ್ಜಿಗಳ ಪಟ್ಟಿ. ಓದುವಾಗಲೇ ಆಕಳಿಕೆ ಬರುತ್ತದೆ, ಅಲ್ವಾ? ಬರಲಿ. ಒಂದು ಪಟ್ಟಿಯನ್ನೇ ತೆಗೆದುಕೊಳ್ಳಿ. ಪಿಂಚಣಿಯದ್ದು. ವೃದ್ಧಾಪ್ಯ ಪಿಂಚಣಿ, ವಿಧವಾ ಪಿಂಚಣಿ ಇವನ್ನೆಲ್ಲ ಕೊಡುವುದು ರಾಜ್ಯ ಸರಕಾರ. ತಿಂಗಳಿಗೆ 1600 ರೂಪಾಯಿ ಇದ್ದದ್ದು 2025ರ ನವೆಂಬರಿನಿಂದ 2000 ಆಯಿತು. ಆದರೆ ಅರ್ಜಿ ಪರಿಶೀಲಿಸಿ, ಇವರು ಅರ್ಹರು ಅಂತ ಒಪ್ಪುವುದು ನಗರಸಭೆ ಅಥವಾ ಪಂಚಾಯತು. ಕೋರಂ ಇಲ್ಲದೆ, ಅಂದರೆ ಬೇಕಾದಷ್ಟು ಸದಸ್ಯರು ಬಾರದೆ, ಸಭೆ ಮುಂದಕ್ಕೆ ಹೋಯಿತು ಅಂತ ಪತ್ರಿಕೆಯಲ್ಲಿ ಓದಿ ನಾವು ನಗುತ್ತೇವೆ. ಪಟ್ಟಿಯಲ್ಲಿ ಹೆಸರಿರುವ ಒಂಟಿ ಅಜ್ಜಿಗೆ ನಗು ಬರುವುದಿಲ್ಲ. ಅವರ ಹೆಸರೂ ಮುಂದಕ್ಕೆ ಹೋಯಿತಲ್ಲ.

ಇನ್ನು ಟೆಂಡರ್. ಒಂದು ಕಾಂಕ್ರೀಟು ರಸ್ತೆಗೆ ಇಂಜಿನಿಯರ್ ಎಸ್ಟಿಮೇಟ್ ಹಾಕಿರುತ್ತಾರೆ. ಕಡಿಮೆ ದರ ಹಾಕಿದವನೂ ಎಸ್ಟಿಮೇಟಿಗಿಂತ ಮೇಲೆಯೇ ಹಾಕಿರುತ್ತಾನೆ. ಅದನ್ನು ಒಪ್ಪಬೇಕೋ, ಮತ್ತೆ ಟೆಂಡರ್ ಕರೆಯಬೇಕೋ ಅಂತ ವಿಷಯ ಕೌನ್ಸಿಲಿಗೆ, ಅಂದರೆ ಸದಸ್ಯರ ಈ ಸಭೆಗೆ ಬರುತ್ತದೆ. ಮತ್ತೆ ಕರೆದರೆ ತಿಂಗಳುಗಟ್ಟಲೆ ತಡ. ಅಷ್ಟರಲ್ಲಿ ಮಾರ್ಚ್ 31 ಬರುತ್ತದೆ, ಆ ವರ್ಷದ ಯೋಜನೆಯ ಹಣ ಖರ್ಚಾಗದೆ ಉಳಿಯುತ್ತದೆ. ಹಾಗಾಗಿ ಫೆಬ್ರವರಿ, ಮಾರ್ಚಿನ ಸಭೆಗಳಲ್ಲಿ ಅಂಗೀಕಾರ, ಅಂಗೀಕಾರ, ಅಂಗೀಕಾರ ಅಂತ ಏಲಂ ಕೂಗುವವರ ವೇಗದಲ್ಲಿ ವಿಷಯಗಳು ದಾಟುತ್ತವೆ. ಒಬ್ಬ ಸದಸ್ಯರು ಕೈ ಎತ್ತಿ, ದರ ಯಾಕೆ ಇಷ್ಟು ಮೇಲೆ ಹೋಯಿತು, ಟೆಂಡರಿಗೆ ಎಷ್ಟು ಜನ ಬಂದಿದ್ದರು, ಇದೇ ಕಾಂಟ್ರಾಕ್ಟರ್ ಹೋದ ವರ್ಷದ ಕೆಲಸ ಮುಗಿಸಿದ್ದಾರಾ ಅಂತ ಕೇಳಿದರೆ ಅಕ್ಕಪಕ್ಕದವರು ವಾಚ್ ನೋಡುತ್ತಾರೆ. ಮಾರಾಯ್ರೇ, ಆ ಪ್ರಶ್ನೆ ಕೇಳಲಿಕ್ಕೆಂದೇ ನಾವು ಅವರನ್ನು ಅಲ್ಲಿಗೆ ಕಳಿಸಿದ್ದು!

ಸಮಯ ಹೆಚ್ಚಿಸಿ ಕೊಡುವ ವಿಷಯವೂ ಹಾಗೆಯೇ. ತೋಡು, ಚರಂಡಿ ಶುಚಿ ಮಾಡುವ ಕೆಲಸ ನೋಡಿ. ನಮ್ಮಲ್ಲಿ ಜೂನ್ ಹುಟ್ಟುವಾಗ ಮಳೆ ಹಿಡಿಯುತ್ತದೆ, ಇದು ಹೊಸ ಸಂಗತಿಯೇನೂ ಅಲ್ಲ. ಆದರೂ ತೀರ್ಮಾನ ಏಪ್ರಿಲಿನಲ್ಲಿ, ಕೆಲಸ ಶುರು ಮೇ ಕೊನೆಗೆ. ಚರಂಡಿಯಿಂದ ತೆಗೆದ ಮಣ್ಣು ಬದಿಯಲ್ಲೇ ರಾಶಿ. ಮೊದಲ ಮಳೆಗೆ ಅದೇ ಮಣ್ಣು ಅದೇ ಚರಂಡಿಗೆ. ಬಿಲ್ಲು ಮಾತ್ರ ಪಾಸ್. ಇದು ಯಾರದೋ ದೊಡ್ಡ ಭ್ರಷ್ಟಾಚಾರ ಅಂತ ಹೇಳುತ್ತಿಲ್ಲ ನಾನು. ಫೆಬ್ರವರಿಯ ಅಜೆಂಡಾದಲ್ಲಿ ಇರಬೇಕಾದ ಒಂದು ಸಾಲು ಅಲ್ಲಿ ಇರಲಿಲ್ಲ, ಅಷ್ಟೇ.

ಅಜೆಂಡಾದಲ್ಲಿ ಕಣ್ಣಿಡಬೇಕಾದ ಎರಡು ಜಾಗ ಉಂಟು. ಒಂದು, ಅಧ್ಯಕ್ಷರು ಮುಂಕೂರ್ ಅನುಮತಿ ಕೊಟ್ಟ ವಿಷಯಗಳು. ಅಂದರೆ ತುರ್ತು ಅಂತ ಹೇಳಿ ಅಧ್ಯಕ್ಷರು ಮೊದಲೇ ಒಪ್ಪಿಗೆ ಕೊಟ್ಟಿರುತ್ತಾರೆ, ಕೌನ್ಸಿಲು ಆಮೇಲೆ ಹೌದು ಅನ್ನಬೇಕು. ನೀರಿನ ಪೈಪು ಒಡೆದದ್ದಕ್ಕೆ ಇದು ಬೇಕೇ ಬೇಕು. ಆದರೆ ಕೆಲಸ ಆಗಿ ಹೋದ ಮೇಲೆ ಬೇಡ ಅನ್ನುವ ಸದಸ್ಯರು ಎಲ್ಲಿರುತ್ತಾರೆ? ಇನ್ನೊಂದು, ಕಟ್ಟಕಡೆಗೆ ಬರುವ ‘ಅಧ್ಯಕ್ಷರ ಅನುಮತಿಯೊಂದಿಗೆ ಇತರ ವಿಷಯಗಳು’. ಆ ಹೊತ್ತಿಗೆ ಊಟದ ಸಮಯ ಆಗಿರುತ್ತದೆ, ಪತ್ರಕರ್ತರು ಎದ್ದು ಹೋಗಿರುತ್ತಾರೆ. ಮೊದಲೇ ಓದಲಿಕ್ಕೆ ಕಾಗದವೂ ಕೈಯಲ್ಲಿರುವುದಿಲ್ಲ. ಒಳ್ಳೆಯ ಸದಸ್ಯರು ಆ ಹೊತ್ತಿನಲ್ಲೇ ನೆಟ್ಟಗೆ ಕೂರುತ್ತಾರೆ.

ಒಪ್ಪಿಗೆ ಇಲ್ಲದವರು ಏನು ಮಾಡಬಹುದು? ಸಭೆಯಲ್ಲಿ ಬಹುಮತ ಏನು ಹೇಳುತ್ತದೋ ಅದೇ ತೀರ್ಮಾನ. ಆದರೆ ಒಪ್ಪದ ಸದಸ್ಯರು ವಿಯೋಜನಕ್ಕುರಿಪ್ಪ್ ಬರೆದು ಕೊಡಬಹುದು, ಅಂದರೆ ನನ್ನ ವಿರೋಧ ಇದೆ, ಕಾರಣ ಇದು ಅಂತ ಲಿಖಿತವಾಗಿ. ಹೊರಗೆ ಹೋಗಿ ಘೋಷಣೆ ಕೂಗಿದರೆ ಮರುದಿನದ ಪತ್ರಿಕೆಗೆ ಆಯಿತು. ಬರೆದು ಕೊಟ್ಟರೆ ನಾಳೆ ಆಡಿಟಿನವರು ಬಂದಾಗ, ಕೋರ್ಟಿಗೆ ಹೋದಾಗ ಒಂದು ದಾಖಲೆ ಇರುತ್ತದೆ. ಕೂಗುವವರು ಜಾಸ್ತಿ, ಬರೆಯುವವರು ಕಡಿಮೆ. ಬರೆಯಲಿಕ್ಕೆ ಅಜೆಂಡಾ ಪೂರ್ತಿ ಓದಿರಬೇಕಲ್ಲ.

ಇನ್ನು ಪ್ರಮೇಯ, ಅಂದರೆ ನಿರ್ಣಯ ಮಂಡನೆ. ಸಭೆಯ ಅತಿ ಹೆಚ್ಚು ಗಂಟಲು ಖರ್ಚಾಗುವುದು ಇಲ್ಲಿ. ರಾಷ್ಟ್ರೀಯ ಹೆದ್ದಾರಿಯ ವಿಷಯವನ್ನೇ ನೋಡಿ. ತಲಪಾಡಿಯಿಂದ ಚೆಂಗಳದವರೆಗೆ 39 ಕಿಲೋಮೀಟರು ಆರು ಪಥ ಆಯಿತು. ಕಾಸರಗೋಡು ಪೇಟೆಯ ಹೊಸ ಬಸ್‌ಸ್ಟಾಂಡಿನ ಎದುರು ಒಂಟಿ ಕಂಬಗಳ ಮೇಲ್ಸೇತುವೆ ಎದ್ದಿತು. ಸರ್ವಿಸ್ ರೋಡಿನಲ್ಲಿ ನೀರು ನಿಂತರೆ ಜನ ಫೋನ್ ಮಾಡುವುದು ವಾರ್ಡಿನ ಸದಸ್ಯರಿಗೆ. ಅವರ ಕೈಯಲ್ಲಿ ಇರುವುದು ನಿರ್ಣಯ ಮಾತ್ರ. ಹೆದ್ದಾರಿ ಪ್ರಾಧಿಕಾರ ಕೇಂದ್ರದ್ದು, ನಿರ್ಣಯವನ್ನು ಅವರು ಪಾಲಿಸಲೇಬೇಕು ಅಂತ ಎಲ್ಲೂ ಇಲ್ಲ. ನಿರ್ಣಯ ಬೇಡ ಅನ್ನುವುದಿಲ್ಲ, ಊರಿನ ಮಾತು ಒಂದು ಕಡೆ ದಾಖಲಾಗಬೇಕು. ಆದರೆ ತಮ್ಮ ಕೈಯಲ್ಲಿಲ್ಲದ ಹೆದ್ದಾರಿಗೆ ಒಂದು ಗಂಟೆ, ಕೈಯಲ್ಲಿರುವ ಟೆಂಡರಿಗೆ ಒಂದು ನಿಮಿಷ! ಈ ಲೆಕ್ಕ ನನಗೆ ಹಿಡಿಸುವುದಿಲ್ಲ.

ಕೈಯಲ್ಲಿ ಇರುವುದು, ಇಲ್ಲದ್ದು ಅಂದೆ. ಇದರಲ್ಲಿ ಜನರಿಗೂ ಗೊಂದಲ ಉಂಟು. ಮನೆ ಕಟ್ಟುವ ಪರ್ಮಿಟ್ ಬೇಗ ಕೊಡಿಸಿ ಅಂತ ಸದಸ್ಯರ ಮನೆಗೆ ಓಡುತ್ತಾರೆ. ಪರ್ಮಿಟ್ ಕೊಡುವ ಅಧಿಕಾರ ಕೌನ್ಸಿಲಿಗೆ ಅಲ್ಲ, ಸೆಕ್ರೆಟರಿಗೆ. 2024ರ ಜನವರಿ 1ರಿಂದ ನಗರಸಭೆಗಳಲ್ಲಿ ಕೆ-ಸ್ಮಾರ್ಟ್ ಅಂತ ಆನ್‌ಲೈನ್ ವ್ಯವಸ್ಥೆ ಬಂದಿದೆ, ಅರ್ಜಿ ಅದರಲ್ಲೇ ಹಾಕಬೇಕು. ಜನನ, ಮರಣ ಸರ್ಟಿಫಿಕೇಟೂ, ಕಟ್ಟಡ ತೆರಿಗೆಯೂ ಅದರಲ್ಲೇ. ಆದರೆ ನಿಮ್ಮ ಓಣಿಗೆ ಬೀದಿ ದೀಪ ಬೇಕು ಅಂದರೆ ಅದು ಖಂಡಿತ ಕೌನ್ಸಿಲಿನ ವಿಷಯ. ಕಂಬ ವಿದ್ಯುತ್ ಮಂಡಳಿಯದು, ದೀಪ ನಗರಸಭೆಯದು. ಹೊಸ ಲೈನ್ ಎಳೆಯಬೇಕಾದರೆ ನಗರಸಭೆ ಮೊದಲು ಮಂಡಳಿಗೆ ಹಣ ಕಟ್ಟಬೇಕು, ಹಣ ಕಟ್ಟಲಿಕ್ಕೆ ತೀರ್ಮಾನ ಬೇಕು, ತೀರ್ಮಾನಕ್ಕೆ ಅಜೆಂಡಾದಲ್ಲಿ ಒಂದು ನಂಬರು ಬೇಕು. ಬಲ್ಬು ಹಾಕಲಿಕ್ಕೆ ಇಷ್ಟು ತಡ ಯಾಕೆ ಅಂತ ಕೇಳುತ್ತೀರಲ್ಲ, ಇದಕ್ಕೇ.

ಹಸಿರು ಕ್ರಿಯಾಸೇನೆಯವರು ಪ್ಲಾಸ್ಟಿಕ್ ಒಯ್ಯಲು ಬಂದಾಗ ಪೇಟೆಯ ಮನೆಯವರು ತಿಂಗಳಿಗೆ ಕನಿಷ್ಠ 70 ರೂಪಾಯಿ ಕೊಡಬೇಕು. ಗೇಟಿನ ಹತ್ತಿರ ಅವರ ಹತ್ತಿರ ಜಗಳ ಮಾಡುವವರನ್ನು ನೋಡಿದ್ದೇನೆ. ಬಿಸಿಲಲ್ಲಿ ಗೋಣಿ ಹೊತ್ತ ಆ ಹೆಂಗಸರು ದರ ನಿಶ್ಚಯ ಮಾಡಿದವರಲ್ಲ. ಕೇಳುವುದಿದ್ದರೆ ಸದಸ್ಯರನ್ನು ಕೇಳಿ.

ಸ್ಥಾಯಿ ಸಮಿತಿ ಅಂತ ಒಂದು ಮಾತು ಬಂತು. ಹಣಕಾಸು, ಅಭಿವೃದ್ಧಿ, ಕ್ಷೇಮ, ಆರೋಗ್ಯ, ಕಾಮಗಾರಿ, ಶಿಕ್ಷಣ, ಹೀಗೆ ಆರು ಸಮಿತಿ. ಉಪಾಧ್ಯಕ್ಷರೇ ಹಣಕಾಸು ಸಮಿತಿಯ ಅಧ್ಯಕ್ಷರು. ನಿಜವಾದ ಚರ್ಚೆ ಹೆಚ್ಚಾಗಿ ಇಲ್ಲೇ ಮುಗಿದಿರುತ್ತದೆ, ಚಿಕ್ಕ ಕೋಣೆಯಲ್ಲಿ, ಕೆಲವೇ ಜನ ಕೂತು. ಕೌನ್ಸಿಲಿಗೆ ಬರುವಾಗ ಅದು ಬೆಂದ ಅನ್ನ.

ಈಗ ನಮ್ಮದೇ ತೊಂದರೆಗೆ ಬರುತ್ತೇನೆ. ಅಜೆಂಡಾ ಮಲಯಾಳದಲ್ಲಿ, ನಡಾವಳಿ ಮಲಯಾಳದಲ್ಲಿ. ಇಲ್ಲಿನ ಕನ್ನಡಿಗರಿಗೆ ಕೇಳಿದರೆ ಮಲಯಾಳ ಅರ್ಥ ಆಗುತ್ತದೆ, ಪೇಟೆಯಲ್ಲಿ ಮಾತಾಡುತ್ತೇವೆ ಕೂಡ. ಆದರೆ ಕನ್ನಡ ಶಾಲೆಯಲ್ಲಿ ಕಲಿತ ಹಿರಿಯರು ಎಷ್ಟೋ ಮಂದಿ ಆ ಲಿಪಿ ಓದಲಾರರು. ಸಭೆಯಲ್ಲಿ ಪಕ್ಕದವರ ಹತ್ತಿರ ತುಳು, ಕನ್ನಡ, ಬ್ಯಾರಿ ಎಲ್ಲ ನಡೆಯುತ್ತದೆ, ಕಾಗದಕ್ಕೆ ಬಂದಾಗ ಒಂದೇ ಭಾಷೆ. ಮಂಜೇಶ್ವರದಿಂದ ಗೆದ್ದ ಎ.ಕೆ.ಎಂ. ಅಶ್ರಫ್ 2021ರಲ್ಲಿ ವಿಧಾನಸಭೆಯಲ್ಲಿ ಕನ್ನಡದಲ್ಲೇ ಪ್ರಮಾಣವಚನ ತೆಗೆದುಕೊಂಡರು. ನಮಗೆಲ್ಲ ಖುಷಿ ಆಯಿತು. ಆದರೆ ಪ್ರಮಾಣವಚನ ಐದು ವರ್ಷಕ್ಕೊಮ್ಮೆ, ಅಜೆಂಡಾ ತಿಂಗಳು ತಿಂಗಳೂ ಬರುತ್ತದೆ. ನಮ್ಮ ಸಂಘಗಳು ಪ್ರಮಾಣವಚನಕ್ಕೆ ಕೊಡುವ ಗಮನದ ಕಾಲು ಭಾಗ ಅಜೆಂಡಾಕ್ಕೆ ಕೊಟ್ಟು, ಮುಖ್ಯ ವಿಷಯಗಳನ್ನು ಒಂದು ಪುಟದಲ್ಲಿ ಕನ್ನಡಕ್ಕೆ ತಂದು ವಾರ್ಡಿನ ವಾಚನಾಲಯದಲ್ಲಿ ಅಂಟಿಸಬಹುದಲ್ವಾ? ಖರ್ಚೇನೂ ಇಲ್ಲ.

ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಬದಿಯಡ್ಕ ಪಂಚಾಯತಿನ ಅಧ್ಯಕ್ಷರೂ ಆಗಿದ್ದವರು. ಅವರ ನೆನಪಿನ ಕಾರ್ಯಕ್ರಮಗಳಲ್ಲಿ ಕವಿತೆ ಓದುತ್ತೇವೆ, ಕಾಸರಗೋಡಿನ ಹೋರಾಟ ಹೇಳುತ್ತೇವೆ. ರಸ್ತೆ, ಮೋರಿ, ಬಾವಿ ಅಂತ ಅವರು ಕೂತ ಸಭೆಗಳ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ಅದೂ ಕನ್ನಡದ ಕೆಲಸವೇ ಆಗಿತ್ತು ಅಂತ ನನಗನಿಸುತ್ತದೆ.

ಕನ್ನಡದಲ್ಲಿ ಬರೆದರೆ ತೆಗೆದುಕೊಳ್ಳುವುದಿಲ್ಲ ಅಂತ ಕೆಲವರು ಸುಮ್ನೆ ಹೆದರುತ್ತಾರೆ. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯಲ್ಲೇ, ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರಕಾರಿ ಕಚೇರಿಗಳಿಗೆ ಕನ್ನಡಿಗರು ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಸಿಗಬೇಕು ಅಂತ ಉಂಟು. ಸಂವಿಧಾನದ 350ನೇ ವಿಧಿಯೂ, ದೂರು ಹೇಳಿಕೊಳ್ಳುವವರು ತಮ್ಮ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅರ್ಜಿ ಕೊಡಬಹುದು ಅನ್ನುತ್ತದೆ.

ಅರ್ಜಿ ಕೊಡಲು ಒಳ್ಳೆಯ ಜಾಗ ವಾರ್ಡ್ ಸಭೆ. ಕಾಸರಗೋಡು ನಗರಸಭೆಯ ಜನಸಂಖ್ಯೆ 2011ರ ಗಣತಿಯಲ್ಲಿ 54,172. ಒಂದು ಲಕ್ಷದ ಒಳಗಿನ ಜನಸಂಖ್ಯೆಯ ನಗರಸಭೆಗಳಲ್ಲಿ ವಾರ್ಡಿನ ಮತದಾರರೆಲ್ಲ ಸೇರುವ ಸಭೆ ನಡೆಯಬೇಕು, ಮೂರು ತಿಂಗಳಿಗೊಮ್ಮೆಯಾದರೂ. ಕರೆಯುವುದು ನಿಮ್ಮ ಸದಸ್ಯರು. ಮನೆ ಇಲ್ಲದವರ ಪಟ್ಟಿ, ಸಹಾಯಧನದವರ ಪಟ್ಟಿ ಎಲ್ಲ ಇಲ್ಲಿಂದಲೇ ಮೇಲೆ ಹೋಗುತ್ತದೆ. ಹೆಚ್ಚಿನ ಕಡೆ ಕುಟುಂಬಶ್ರೀಯ ಹೆಂಗಸರು ಬಂದು ಕೂತಿರುತ್ತಾರೆ, ಗಂಡಸರು ರುಜು ಹಾಕಿ ಚಹಾ ಕುಡಿಯಲು ಹೋಗಿರುತ್ತಾರೆ. ಆಮೇಲೆ ಪಟ್ಟಿಯಲ್ಲಿ ನಮ್ಮ ಹೆಸರಿಲ್ಲ ಅಂತ ಜಗಳ.

ಮುಂದಿನ ವಾರ್ಡ್ ಸಭೆಗೆ ಹೋಗುವಾಗ ದೀಪದ್ದೋ, ತೋಡಿನದ್ದೋ ನಿಮ್ಮ ಅರ್ಜಿಯನ್ನು ಕನ್ನಡದಲ್ಲೇ ಬರೆದು ಎರಡು ಪ್ರತಿ ಮಾಡಿಕೊಳ್ಳಿ. ಒಂದನ್ನು ಕೊಟ್ಟು ಇನ್ನೊಂದರ ಮೇಲೆ ತಾರೀಕು ಹಾಕಿಸಿ, ಸಹಿ ತೆಗೆದುಕೊಳ್ಳಿ. ತಿಂಗಳೆರಡು ಕಳೆದ ಮೇಲೆ ಅದು ಯಾವ ಸಭೆಯ ಅಜೆಂಡಾಕ್ಕೆ ಬಂತು, ಏನು ತೀರ್ಮಾನ ಆಯಿತು ಅಂತ ನಡಾವಳಿಯ ಪ್ರತಿ ಕೇಳಿ. ಕೊಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಉಂಟು, ಶುಲ್ಕ ಹತ್ತು ರೂಪಾಯಿ. ಉತ್ತರ ಮಲಯಾಳದಲ್ಲಿ ಬಂದರೆ ಆ ಉತ್ತರದ ನಂಬರು ಹಾಕಿ, ಕನ್ನಡದಲ್ಲಿ ಕೊಡಿ ಅಂತ ಇನ್ನೊಂದು ಕಾಗದ ಬರೆಯಿರಿ.

ನಮಸ್ಕಾರ.