ಕೋಡಿ ನೀರು, ಹೊಂಗೆ ಎಲೆ, ಗಾಳದ ದಾರ

ಕೇಳುಗರಿಗೆ ನಮಸ್ಕಾರ.

ನಮ್ಮ ತುಮಕೂರು ಸೀಮೆಗೆ ಗಾಳ ಹೊಸದಲ್ಲ. ಒಂದು ಬಿದಿರು ಕೋಲು, ಒಂದು ಬೆಂಡು, ನಾಲ್ಕು ಎರೆಹುಳು ಇದ್ದರೆ ಕೆರೆ ದಡದಲ್ಲಿ ಮಧ್ಯಾಹ್ನವೇ ಕಳೆದುಹೋಗುತ್ತದೆ. ಇವತ್ತು ಇದರ ದೂರದ ನೆಂಟನ ವಿಷಯ, ಫ್ಲೈ ಫಿಶಿಂಗ್. ಇದರಲ್ಲಿ ಎರೆಹುಳು ಇಲ್ಲ. ಕೊಕ್ಕೆಗೆ ಗರಿ, ನೂಲು ಸುತ್ತಿ ನೊಣ ಮಾಡುತ್ತಾರೆ. ಆ ನೊಣಕ್ಕೆ ತೂಕವೇ ಇಲ್ಲದ ಹಾಗೆ. ದಪ್ಪ ದಾರದ ಭಾರದಿಂದಲೇ ಅದನ್ನು ದೂರ ಬೀಸಬೇಕು.

ಆಮೇಲೆ ಕಾಟ ಕೊಡುವುದೂ ಅದೇ ದಾರ. ಕೆರೆಯ ನಿಂತ ನೀರಿನಲ್ಲಿ ಅಷ್ಟು ಗೊತ್ತಾಗುವುದಿಲ್ಲ. ಕೆರೆ ಕೋಡಿ ಬಿದ್ದಾಗ ನೋಡಿ. ಇಲ್ಲವೇ ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ, ಶಿಂಷಾ ತುಂಬಿದಾಗ ನೋಡಿ. ನಡುವೆ ನೀರು ಓಡುತ್ತದೆ, ಬಂಡೆಯ ಮರೆಯಲ್ಲಿ ನಿಧಾನ. ನೀವು ಈ ದಡದಲ್ಲಿ ನಿಂತು ಆಚೆ ಬಂಡೆಯ ಮಗ್ಗುಲಿಗೆ ನೊಣ ಬೀಸಿದಿರಿ. ನಡುನೀರು ದಾರವನ್ನು ಕೆಳಕ್ಕೆ ತಳ್ಳುತ್ತದೆ. ದಾರ ಬಿಲ್ಲಿನಂತೆ ಬಾಗಿ ನೊಣವನ್ನು ದರದರ ಎಳೆಯುತ್ತದೆ. ನೀರಿಗೆ ಬಿದ್ದ ಹುಳ ಹಾಗೆ ಓಡುವುದಿಲ್ಲ. ಮೀನಿಗೆ ಅಷ್ಟು ಗೊತ್ತಿರುತ್ತೆ, ಅಲ್ವಾ?

ಇದಕ್ಕೆ ಮದ್ದು ಮೆಂಡಿಂಗ್. ಹರಿದದ್ದನ್ನು ಹೊಲಿಯುವುದಲ್ಲ, ಬಾಗಿದ ದಾರವನ್ನು ಮಗುಚುವುದು. ರೇಡಿಯೋದಲ್ಲಿ ಕೈ ಆಡಿಸಿ ತೋರಿಸಲು ಆಗದು. ಬಕೆಟ್ಟಿನ ಹಿಡಿ ನೆನಪು ಮಾಡಿಕೊಳ್ಳಿ. ಅದನ್ನು ಈ ಬದಿಯಿಂದ ಆ ಬದಿಗೆ ಹಾಕುತ್ತೀರಲ್ಲ, ಹಾಗೆ. ಕೋಲಿನ ತುದಿ ಎತ್ತಿ, ದಾರವನ್ನು ನೀರಿನಿಂದ ಬಿಡಿಸಿ, ಅರ್ಧ ಚಕ್ರ ತಿರುಗಿಸಿ ನೀರು ಬರುವ ಕಡೆಗೆ ಇಳಿಸಿ. ಆ ಬಾಗು ಮತ್ತೆ ಕೆಳಗೆ ಬರುವ ತನಕ ನೊಣ ತನ್ನ ಪಾಡಿಗೆ ತೇಲುತ್ತದೆ. ನೊಣದ ಹತ್ತಿರವೇ ನೀರು ಜೋರು, ನಿಮ್ಮ ಕಾಲ ಬಳಿ ನಿಧಾನ ಅಂದರೆ ನೀರು ಹೋಗುವ ಕಡೆಗೆ ಮಗುಚಬೇಕು.

ದಾರ ಬಿದ್ದ ಕೂಡಲೇ ಮಗುಚಿ. ನಾನು ಮೊದಮೊದಲು ಎಳೆತ ಶುರುವಾಗುವ ತನಕ ಸುಮ್ನೆ ನೋಡುತ್ತಾ ನಿಂತು, ಆಮೇಲೆ ಗಾಬರಿಯಲ್ಲಿ ಜಾಡಿಸಿದೆ. ನೊಣ ನೀರಿನಿಂದಲೇ ಹಾರಿ ಹಿಂದಿನ ಜಾಲಿಗೆ ಸಿಕ್ಕಿಕೊಂಡಿತು. ಅಲ್ಲೇ ಕುರಿ ಮೇಯಿಸುತ್ತಿದ್ದ ಅಜ್ಜ ಕೇಳಿದರು, "ಏನ್ ಸ್ವಾಮಿ, ಮೀನಿಗೆ ಚಾಟೀಲಿ ಹೊಡೀತಿದ್ದೀರಾ?"

ನನಗೆ ಜಾಸ್ತಿ ಹಿಡಿಸಿದ್ದು ಇನ್ನೊಂದು ಬಗೆ. ದಾರ ಇನ್ನೂ ಗಾಳಿಯಲ್ಲಿರುವಾಗಲೇ ಕೋಲನ್ನು ನೀರು ಬರುವ ಕಡೆಗೆ ವಾಲಿಸಿಬಿಡುವುದು. ದಾರ ಬೀಳುವಾಗಲೇ ಸರಿಯಾಗಿ ಬೀಳುತ್ತದೆ, ಮೀನೂ ಬೆದರುವುದಿಲ್ಲ.

ಒಂದು ಮಾತು. ಕೆರೆ ಮೀನಿನ ಹರಾಜು ಹಿಡಿದವರನ್ನು ಕೇಳದೆ ಗಾಳ ಹಾಕಬೇಡಿ. ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯದಲ್ಲಿ ತುಂಬಿದರೆ ತಾನಾಗಿಯೇ ನೀರು ಬಿಡುವ ಸೈಫನ್ ಇದೆ. ಅದರ ಕೆಳಗಂತೂ ಇಳಿಯಲೇಬೇಡಿ.

ಕಲಿಯಲು ಸಣ್ಣ ಹಳ್ಳ ಸಾಕು, ಕೊಕ್ಕೆಯೂ ಬೇಡ. ದಾರದ ತುದಿಗೆ ಉಲ್ಲನ್ ತುಂಡು ಕಟ್ಟಿ. ಅದರ ಪಕ್ಕಕ್ಕೇ ಒಂದು ಹೊಂಗೆ ಎಲೆ ತೇಲಿಬಿಡಿ. ಎರಡೂ ಜೊತೆಯಾಗಿ ಹೋದರೆ ನಿಮ್ಮ ಕೈ ಸರಿ ಇದೆ. ಉಲ್ಲನ್ ಮುಂದೆ ಓಡಿದರೆ ದಾರ ಎಳೆಯುತ್ತಿದೆ. ಎಲೆ ಮುಂದೆ ಹೋದರೆ ದಾರ ತಡೆಯುತ್ತಿದೆ.